ಗೆಳೆಯರಿಗೆ ಪ್ರಿಂಟ್: ಅಸಲು ಕೇಳಲು ಸಂಕೋಚವೇಕೆ?

ಮಾನ್ಯ ಸಂಪಾದಕರೇ,

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ ಬಂತೆಂದರೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಒಳ್ಳೊಳ್ಳೆಯ ಚಿತ್ರಗಳು ಬರುತ್ತವೆ. ಯಾವ ಲೆನ್ಸ್, ಎಷ್ಟು ಶಟರ್ ವೇಗ ಎಂಬ ವಿವರವೂ ಇರುತ್ತದೆ. ಆದರೆ ಹವ್ಯಾಸಿಗಳನ್ನು ದಿನವೂ ಕಾಡುವ ಒಂದು ಪ್ರಶ್ನೆಯ ಸುದ್ದಿಗೆ ಯಾರೂ ಹೋಗುವುದಿಲ್ಲ. 'ಆ ಜೋಗದ ಫೋಟೊ ಚೆನ್ನಾಗಿದೆ ಮಾರಾಯ, ನಮ್ಮ ಹೊಸ ಮನೆ ಹಾಲ್‌ಗೆ ದೊಡ್ಡದೊಂದು ಮಾಡಿಸಿಕೊಡು' ಎಂದು ಗೆಳೆಯ ಕೇಳಿದಾಗ ಎಷ್ಟು ಹಣ ಹೇಳಬೇಕು? ಹೆಚ್ಚಿನವರ ಬಾಯಲ್ಲಿ ಬರುವುದು ಎರಡೇ ಉತ್ತರ: 'ಅಯ್ಯೋ, ದುಡ್ಡೇನೂ ಬೇಡ', ಇಲ್ಲವೇ 'ಲ್ಯಾಬ್‌ನವರು ಎಷ್ಟು ತಗೊಂಡರೋ ಅಷ್ಟೇ ಕೊಡು'. ಮೊದಲನೆಯದು ಉಡುಗೊರೆ, ಅದರ ಮಾತು ಬೇರೆ. ಎರಡನೆಯದು ಕೇಳಲು ನ್ಯಾಯವಾಗಿದ್ದರೂ ತಪ್ಪು ಲೆಕ್ಕ. ಹವ್ಯಾಸಿಗಳು ವರ್ಷಗಟ್ಟಲೆ ಕೈಯಿಂದ ಹಣ ಕಳೆದುಕೊಂಡು, ಕೊನೆಗೆ ಪ್ರಿಂಟ್ ಮಾಡಿಸಿಕೊಡುವುದನ್ನೇ ಬಿಟ್ಟುಬಿಡುವುದು ಈ ಎರಡನೆಯ ಉತ್ತರದಿಂದ.

ಲ್ಯಾಬ್ ಬಿಲ್ ಅಸಲಿನ ಒಂದು ಭಾಗ ಮಾತ್ರ. 12×18 ಇಂಚಿನ ಒಂದು ಪ್ರಿಂಟ್ ತೆಗೆದುಕೊಳ್ಳಿ. ಲ್ಯಾಬ್ ದರ ಊರಿಂದ ಊರಿಗೆ ಬೇರೆಯಾಗುವುದರಿಂದ ಇಲ್ಲಿ ಲೆಕ್ಕದ ರೀತಿ ತೋರಿಸಲಷ್ಟೇ ದುಂಡು ಅಂಕಿಗಳನ್ನು ಇಟ್ಟುಕೊಂಡಿದ್ದೇನೆ. ಲ್ಯಾಬ್‌ಗೆ 150 ರೂಪಾಯಿ. ದೊಡ್ಡದು ಹಾಕಿಸುವ ಮೊದಲು ಬಣ್ಣ ನೋಡಲು ಸಣ್ಣದೊಂದು ಟೆಸ್ಟ್ ಪ್ರಿಂಟ್, 25 ರೂಪಾಯಿ. ಹತ್ತರಲ್ಲಿ ಒಂದು ಹಾಳಾಗಿ ಮತ್ತೆ ಹಾಕಿಸಬೇಕಾಗುತ್ತದೆ ಎಂದು ಹಿಡಿದರೆ ಅದರ ಪಾಲು 15 ರೂಪಾಯಿ. ಪ್ಲಾಸ್ಟಿಕ್ ಕವರು, ಹಿಂದೆ ಮುಂದೆ ರಟ್ಟು, 20 ರೂಪಾಯಿ. ಲ್ಯಾಬ್‌ಗೆ ಎರಡು ಸಲ ಓಡಾಟ ಅಥವಾ ಕೊರಿಯರ್, 120 ರೂಪಾಯಿ. ಒಟ್ಟು 330 ರೂಪಾಯಿ. ಗೆಳೆಯನಿಂದ 150 ತೆಗೆದುಕೊಂಡವರು ತಮ್ಮ ಜೇಬಿನಿಂದ 180 ರೂಪಾಯಿ ಹಾಕಿದ್ದಾರೆ. ಹಾಕಿದ್ದು ಗೆಳೆಯನಿಗೆ ಗೊತ್ತೂ ಇಲ್ಲ. ಅವನ ಪಾಲಿಗೆ ಲೆಕ್ಕ ಚುಕ್ತಾ ಆಗಿದೆ. ಕೊಟ್ಟದ್ದು ಉಡುಗೊರೆಯೂ ಆಗಲಿಲ್ಲ, ವ್ಯವಹಾರವೂ ಆಗಲಿಲ್ಲ.

ಅದೇ ಐದು ಪ್ರಿಂಟ್ ಒಟ್ಟಿಗೆ ಹಾಕಿಸಿದರೆ ಓಡಾಟದ 120 ರೂಪಾಯಿ ಐದು ಪಾಲಾಗಿ ತಲಾ 24ಕ್ಕೆ ಇಳಿಯುತ್ತದೆ, ಒಂದರ ಅಸಲು 234 ರೂಪಾಯಿ ಆಗುತ್ತದೆ. ಗೆಳೆಯರ ಬೇಡಿಕೆಗಳನ್ನು ಒಂದೊಂದಾಗಿ ಲ್ಯಾಬ್‌ಗೆ ಒಯ್ಯದೆ ನಾಲ್ಕೈದು ಕೂಡಿಸಿ ಒಯ್ಯುವುದೇ ಗೆಳೆಯರಿಗೆ ಮಾಡುವ ನಿಜವಾದ ರಿಯಾಯಿತಿ. ಅದರಿಂದ ಯಾರಿಗೂ ನಷ್ಟವಿಲ್ಲ.

ಅಳತೆ ಆರಿಸುವುದರಲ್ಲೂ ಹಣ ಉಳಿಯುತ್ತದೆ. ನಮ್ಮ ಡಿಜಿಟಲ್ ಲ್ಯಾಬ್‌ಗಳ ಮಿನಿಲ್ಯಾಬ್ ಯಂತ್ರಗಳಿಗೆ ಹಾಕುವ ಪೇಪರ್ ರೋಲಿನ ಅಗಲ ಸಾಮಾನ್ಯವಾಗಿ 12 ಇಂಚು ಮೀರುವುದಿಲ್ಲ. ಮದುವೆ ಆಲ್ಬಂನ 12×36 ಹಾಳೆಗಳು ಬರುವುದೂ ಆ ರೋಲಿನಿಂದಲೇ. ಅದಕ್ಕೇ 12×18 ಅಗ್ಗ. 16×24ಕ್ಕೆ ಹೋದ ಕೂಡಲೇ ಬೇರೆ ದೊಡ್ಡ ಯಂತ್ರ ಅಥವಾ ಇಂಕ್‌ಜೆಟ್ ಬೇಕು, ದರ ವಿಸ್ತೀರ್ಣದ ಲೆಕ್ಕವನ್ನೂ ಮೀರಿ ಜಿಗಿಯುತ್ತದೆ. 8×12 ಎರಡು ಬೇಕಿದ್ದರೆ ಒಂದೇ 12×18 ಫೈಲಿನಲ್ಲಿ ಅಕ್ಕಪಕ್ಕ ಜೋಡಿಸಬಹುದು. ಅವೆರಡೂ ಸೇರಿ 12×16 ಇಂಚು, ಉಳಿಯುವ 2×12 ಇಂಚಿನ ಪಟ್ಟಿಯಲ್ಲಿ ಮುಂದಿನ ಚಿತ್ರದ ಬಣ್ಣ ಪರೀಕ್ಷೆ ಮಾಡಿಕೊಳ್ಳಬಹುದು. 4×6 ಆದರೆ ಒಂಬತ್ತು ಹಿಡಿಯುತ್ತವೆ. ಲ್ಯಾಬ್‌ನ ಕಟಿಂಗ್ ಒಂದೆರಡು ಮಿಲಿಮೀಟರ್ ಆಚೀಚೆ ಆಗುವುದರಿಂದ ಅಂಚಿನವರೆಗೂ ಮುಖ್ಯವಾದದ್ದೇನನ್ನೂ ಇಡಬಾರದು. ಕತ್ತರಿಸುವಾಗ ಸ್ಟೀಲ್ ಸ್ಕೇಲ್, ಹೊಸ ಬ್ಲೇಡ್, ಕೆಳಗೆ ಕಟಿಂಗ್ ಮ್ಯಾಟ್ ಇರಲಿ. ಕತ್ತರಿ ಹಿಡಿದರೆ ಅಂಚು ಅಲೆಅಲೆಯಾಗುತ್ತದೆ.

ಹತ್ತರಲ್ಲಿ ಒಂದು ಹಾಳು ಎಂದೆ. ಹೊಸಬರಲ್ಲಿ ಅದು ಇನ್ನೂ ಹೆಚ್ಚು, ಮತ್ತು ಕಾರಣಗಳು ಹೆಚ್ಚುಕಡಿಮೆ ಅವೇ. ಎಲ್ಲಕ್ಕಿಂತ ದೊಡ್ಡದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲ್. ಸಾಮಾನ್ಯ ಗುಣಮಟ್ಟದಲ್ಲಿ ಕಳುಹಿಸಿದ ಚಿತ್ರದ ಉದ್ದದ ಬದಿ ಸುಮಾರು 1,600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಅದನ್ನು 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 89 ಪಿಕ್ಸೆಲ್ ಕೂಡ ಸಿಗುವುದಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಮೂಲ ಫೈಲಿನಲ್ಲಿ 6000×4000 ಪಿಕ್ಸೆಲ್ ಇರುತ್ತದೆ, 18 ಇಂಚಿಗೆ ಹಂಚಿದರೆ ಇಂಚಿಗೆ 333. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ 300 ಇದ್ದರೆ ಸಾಕು, ಗೋಡೆಗೆ ಹಾಕುವ ದೊಡ್ಡದಕ್ಕೆ 200 ಆದರೂ ನಡೆಯುತ್ತದೆ. ಫೋನಿನಲ್ಲಿ ಕಳುಹಿಸಲೇಬೇಕಾದರೆ ಫೋಟೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು.

ಎರಡನೆಯದು ಆಕಾರ. ಕ್ಯಾಮೆರಾದ ಚಿತ್ರದ ಉದ್ದ ಅಗಲದ ಅನುಪಾತ ಸಾಮಾನ್ಯವಾಗಿ 3:2, ಅದು 4×6, 8×12, 12×18ಕ್ಕೆ ಸರಿಯಾಗಿ ಕೂರುತ್ತದೆ. ಗೆಳೆಯನ ಮನೆಯಲ್ಲಿ 8×10ರ ಹಳೆಯ ಫ್ರೇಮ್ ಖಾಲಿ ಇದೆ ಎಂದರೆ ಉದ್ದದಲ್ಲಿ ಎರಡು ಇಂಚು, ಅಂದರೆ ಆರನೇ ಒಂದು ಭಾಗ, ಹೋಗುತ್ತದೆ. ಗುಂಪು ಫೋಟೊ ಆದರೆ ಕೊನೆಯಲ್ಲಿ ನಿಂತ ಚಿಕ್ಕಪ್ಪನೇ ಹೋಗುತ್ತಾರೆ. ಫೋನಿನ ಚಿತ್ರ 4:3, ಅದಕ್ಕೆ 6×8 ಅಥವಾ 12×16 ಒಪ್ಪುತ್ತದೆ. ಹಣ ಹೇಳುವ ಮೊದಲೇ ಕ್ರಾಪ್ ಮಾಡಿದ ಚಿತ್ರ ತೋರಿಸಿ ಒಪ್ಪಿಗೆ ಪಡೆದರೆ ಮರುಪ್ರಿಂಟ್‌ನ ಜಗಳವೇ ಇಲ್ಲ.

ಮೂರನೆಯದು ಬಣ್ಣ ಮತ್ತು ಬೆಳಕು. ಅಡೋಬಿ ಆರ್‌ಜಿಬಿ, ಎಸ್‌ಆರ್‌ಜಿಬಿ ಎಂಬವು ಫೈಲಿನಲ್ಲಿ ಬಣ್ಣ ದಾಖಲಿಸುವ ಎರಡು ಕ್ರಮಗಳು. ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ ಫೈಲನ್ನು ಎಸ್‌ಆರ್‌ಜಿಬಿ ಎಂದುಕೊಂಡು ಲ್ಯಾಬ್ ಹಾಕಿದರೆ ಹಸಿರು, ಕೆಂಪು ಎಲ್ಲ ಮಂಕಾಗುತ್ತವೆ. ಸಾಮಾನ್ಯ ಲ್ಯಾಬ್‌ಗೆ ಎಸ್‌ಆರ್‌ಜಿಬಿ ಜೆಪೆಗ್ ಕೊಡುವುದೇ ಕ್ಷೇಮ. ಮಾನಿಟರ್‌ನ ಬೆಳಕು ಪೂರ್ತಿ ಏರಿಸಿ ಎಡಿಟ್ ಮಾಡಿದವರಿಗೆ ಪ್ರಿಂಟ್ ಕಪ್ಪಾಗಿ ಬರುತ್ತದೆ, ಅದಕ್ಕೆ ಲ್ಯಾಬ್ ಹೊಣೆಯಲ್ಲ. ಇನ್ನೊಂದು, ಮಳೆಗಾಲದ ಮೋಡ, ಮುಂಜಾನೆಯ ಮಂಜು ಇವನ್ನು ಯಂತ್ರದ ಆಟೊ ಕರೆಕ್ಷನ್ ತಪ್ಪು ಎಂದು ತಿಳಿದು ಬೆಳ್ಳಗೆ ಮಾಡಿಬಿಡುತ್ತದೆ. ಎಡಿಟ್ ಮಾಡಿದ ಫೈಲ್ ಕೊಡುವಾಗ 'ಕರೆಕ್ಷನ್ ಬೇಡ' ಎಂದು ಬರೆದೇ ಕೊಡಬೇಕು. ಈ 25 ರೂಪಾಯಿಯ ಟೆಸ್ಟ್ ಪ್ರಿಂಟ್ ಅನ್ನು ದುಂದು ಎಂದು ಯಾರೂ ತಿಳಿಯಬಾರದು. ಅದನ್ನು ಬಿಟ್ಟವರೇ 150ರ ಪ್ರಿಂಟ್ ಎರಡು ಸಲ ಹಾಕಿಸುವುದು.

'ನಿಮ್ಮ ಹತ್ತಿರ ಪ್ರಿಂಟರೇ ಇದೆಯಲ್ಲ, ಇಂಕು ತಾನೇ' ಎನ್ನುವ ಗೆಳೆಯರಿಗಾಗಿ ಮನೆಯ ಇಂಕ್‌ಜೆಟ್ ಲೆಕ್ಕವನ್ನೂ ಬರೆಯುತ್ತೇನೆ. ಇಲ್ಲೂ ಅಂಕಿಗಳು ಮಾದರಿಗೆ. ವರ್ಷಕ್ಕೆ 18,000 ರೂಪಾಯಿಯ ಇಂಕು ಕೊಂಡು 13×19 ಇಂಚಿನ 90 ಹಾಳೆ ತೆಗೆದರೆ ಒಂದಕ್ಕೆ ಇಂಕು 200 ರೂಪಾಯಿ. 25 ಹಾಳೆಯ ಪೇಪರ್ ಬಾಕ್ಸಿಗೆ 5,000 ರೂಪಾಯಿ ಎಂದರೆ ಹಾಳೆಗೆ 200 ಎಂದು ಭಾಗಿಸುವಂತಿಲ್ಲ. ಮೂರು ಹಾಳೆ ಟೆಸ್ಟ್‌ಗೆ, ಗೀರು ಬಿದ್ದು ಹೋಗುತ್ತವೆ. ಉಳಿದ 22ಕ್ಕೆ ಭಾಗಿಸಿದರೆ 227. 80,000 ರೂಪಾಯಿಯ ಪ್ರಿಂಟರ್ ಐದು ವರ್ಷ ಬಾಳಿ 450 ಪ್ರಿಂಟ್ ಕೊಟ್ಟರೆ ಒಂದಕ್ಕೆ 178. ಒಟ್ಟು 605 ರೂಪಾಯಿ. ಲ್ಯಾಬ್‌ಗಿಂತ ಮನೆಯದೇ ದುಬಾರಿ! ಇಂಕಿನ ಲೆಕ್ಕವನ್ನು ಕೊಂಡ ಬಿಲ್ಲಿನಿಂದಲೇ ಹಿಡಿಯಬೇಕು, ಸಾಫ್ಟ್‌ವೇರ್ ತೋರಿಸುವ ಮಿಲಿಲೀಟರ್‌ನಿಂದಲ್ಲ. ಎರಡು ವಾರ ಸುಮ್ಮನಿದ್ದ ಪ್ರಿಂಟರಿನ ಹೆಡ್ (ಇಂಕು ಚಿಮ್ಮಿಸುವ ಭಾಗ) ಕಟ್ಟಿಕೊಂಡರೆ ಕ್ಲೀನಿಂಗ್‌ಗೆಂದೇ ಇಂಕು ಸುರಿಯುತ್ತದೆ, ಅದು ಹೋಗಿ ತುಂಬುವ ಮೆಂಟೆನೆನ್ಸ್ ಬಾಕ್ಸನ್ನೂ ಕಾಲಕಾಲಕ್ಕೆ ಬದಲಿಸಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಕಾಗದ ತೇವ ಹೀರಿ ಅಂಚು ಎದ್ದು, ಹೆಡ್ ತಗುಲಿ, ಮೂಲೆಯಲ್ಲಿ ಕಪ್ಪು ಗೆರೆ ಬೀಳುವುದು ಬಹಳ ಸಾಮಾನ್ಯ. ಇಷ್ಟೆಲ್ಲ ಆದ ಮೇಲೆ ಸಿಗುವ ಹತ್ತಿಯ ಕಾಗದ, ಪಿಗ್ಮೆಂಟ್ ಇಂಕಿನ (ಬಣ್ಣದ ಸೂಕ್ಷ್ಮ ಕಣಗಳಿರುವ ಇಂಕು) ಪ್ರಿಂಟ್ ಬಹಳ ಚೆನ್ನಾಗಿರುತ್ತದೆ, ಬಹುಕಾಲ ಬಾಳುತ್ತದೆ ನಿಜ. ಅದು ಬೇಕೆನ್ನುವ ಗೆಳೆಯನಿಗೆ ಅದರ ಅಸಲೂ ಗೊತ್ತಿರಲಿ.

ಇನ್ನು ಬೆಲೆ ಕಟ್ಟುವ ಮಾತು. ಪ್ರಿಂಟ್‌ನ ಬೆಲೆಯಲ್ಲಿ ಮೂರು ಪದರ ಇವೆ ಎಂದು ನೋಡಿದರೆ ಗೊಂದಲ ತಾನಾಗಿ ಬಗೆಹರಿಯುತ್ತದೆ. ಅಸಲು ಒಂದು, ಕೆಲಸ ಒಂದು, ಚಿತ್ರದ ಬೆಲೆ ಒಂದು. ಮೇಲಿನ 12×18ಕ್ಕೆ ಅಸಲು 330. ಕಲೆ ತೆಗೆಯುವುದು, ಬಣ್ಣ ಸರಿಮಾಡುವುದು, ಅಳತೆಗೆ ತರುವುದು ಎಲ್ಲ ಸೇರಿ 40 ನಿಮಿಷ, ಗಂಟೆಗೆ 300ರಂತೆ ಕೆಲಸ 200. ಚಿತ್ರದ ಬೆಲೆಯೆಂದರೆ ಕ್ಯಾಮೆರಾ, ಪ್ರಯಾಣ, ನಸುಕಿನಲ್ಲಿ ಕಾದದ್ದು, ಕಲಿಕೆ, ಇದಕ್ಕೆ ಅಳತೆಗೋಲಿಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಪೇಂಟಿಂಗ್ ಕೊಳ್ಳುವವರು ಚೌಕಾಸಿ ಮಾಡಿದರೂ ಬಣ್ಣದ ಟ್ಯೂಬಿಗೆ ಎಷ್ಟಾಯಿತು ಎಂದು ಕೇಳುವುದಿಲ್ಲ. ಫೋಟೊ ಎಂದ ಕೂಡಲೇ ಕಾಗದದ ಬೆಲೆಗೆ ಇಳಿದುಬಿಡುತ್ತೇವೆ. ಹೊರಗಿನವರಿಗೆ ಮೂರೂ ಸೇರಿ 1,500 ಎಂದಿಟ್ಟುಕೊಳ್ಳಿ. ಗೆಳೆಯನಿಗೆ ಮೂರನೆಯದನ್ನು ಪೂರ್ತಿ ಬಿಡಿ, ಎರಡನೆಯದನ್ನು ಮನಸ್ಸಿದ್ದಷ್ಟು ಬಿಡಿ, ಮೊದಲನೆಯದರಲ್ಲಿ ಒಂದು ರೂಪಾಯಿಯನ್ನೂ ಬಿಡಬೇಡಿ. ಅಸಲಿನಲ್ಲಿ ಅರ್ಧ ಬಿಡುವುದಕ್ಕಿಂತ ಪೂರ್ತಿ ಉಡುಗೊರೆ ಕೊಡುವುದು ಎಷ್ಟೋ ಲೇಸು. ಕೊಟ್ಟದ್ದು ಕೊಟ್ಟಂತೆ ಕಾಣುತ್ತದೆ.

ಹೇಳುವಾಗ ಪೂರ್ತಿ ಬೆಲೆಯನ್ನೂ ಹೇಳಬೇಕು. ಬರೀ '330 ಕೊಡು' ಎಂದರೆ ಆ ಚಿತ್ರದ ಬೆಲೆಯೇ 330 ಎಂದು ಊರಿಗೆಲ್ಲ ಹರಡುತ್ತದೆ. ಗೆಳೆಯನ ಭಾವಮೈದುನ, ಅವನ ಆಫೀಸಿನವರು ಎಲ್ಲ ಅದೇ ದರಕ್ಕೆ ಬರುತ್ತಾರೆ. ಬಾಯಿಮಾತು ಬೇಡ, ಮೆಸೇಜ್ ಇರಲಿ. ಹೀಗೆ ಬರೆದರೆ ಸಾಕು: '12×18, ಲಸ್ಟರ್ (ಅರೆಹೊಳಪಿನ) ಪೇಪರ್, ಸುತ್ತ ಅರ್ಧ ಇಂಚು ಬಿಳಿ ಅಂಚು, ಫ್ರೇಮ್ ಇಲ್ಲ. ಇದರ ಬೆಲೆ 1,500. ನಿನಗೆ ಖರ್ಚು ಮಾತ್ರ, 330. ಹಣ ಬಂದ ಮೇಲೆ ಲ್ಯಾಬ್‌ಗೆ ಕೊಡುತ್ತೇನೆ, ಹತ್ತು ದಿನ ಬೇಕು. ಬಣ್ಣ ಕೆಟ್ಟಿದ್ದರೆ ಇನ್ನೊಂದು ಹಾಕಿಸಿಕೊಡುವುದು ನನ್ನ ಜವಾಬ್ದಾರಿ, ಅಳತೆ ಬದಲಿಸಿದರೆ ಹೊಸ ಖರ್ಚು.' ಹಣ ಮುಂಗಡವಾಗಿಯೇ ಬರಬೇಕು. ಯುಪಿಐ ಇರುವ ಕಾಲದಲ್ಲಿ ಇದು ಅರ್ಧ ನಿಮಿಷದ ಕೆಲಸ. ಪ್ರಿಂಟ್ ಕೈಗೆ ಕೊಟ್ಟ ಮೇಲೆ ಕೇಳಲು ನಾಲಿಗೆ ಏಳುವುದಿಲ್ಲ, ಕೊಡುವವನಿಗೂ ನೆನಪಿರುವುದಿಲ್ಲ. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಗಾದೆ ಆಗ ನಿಜವಾಗುತ್ತದೆ.

ಎಲ್ಲಕ್ಕೂ ಹಣ ಕೇಳಬೇಕೆಂದು ಇದರ ಅರ್ಥವಲ್ಲ. ಪ್ರವಾಸದಲ್ಲೋ ನಾಮಕರಣದಲ್ಲೋ ತೆಗೆದ ನಾಲ್ಕಾರು 4×6 ಪ್ರಿಂಟ್‌ಗಳಿಗೆ ಗೆಳೆಯರ ಹತ್ತಿರ ಲೆಕ್ಕ ಒಪ್ಪಿಸುವುದು ಚೆನ್ನಲ್ಲ. ಪೂರ್ತಿ ಗಾತ್ರದ ಫೈಲುಗಳನ್ನೇ ಕೊಟ್ಟುಬಿಟ್ಟರೆ ಅವರು ಬೇಕಾದಷ್ಟು ಹಾಕಿಸಿಕೊಳ್ಳುತ್ತಾರೆ. ನಲವತ್ತು ಪ್ರಿಂಟ್‌ಗಳ ಸೆಟ್ಟು ಬೇಕೆಂದರೆ ಅದು ಕೆಲಸ, ಲೆಕ್ಕ ಬೇಕು. ದೊಡ್ಡ ಪ್ರಿಂಟ್ ಉಡುಗೊರೆ ಕೊಡುವವರು ವರ್ಷಕ್ಕೆ ಇಷ್ಟು ಎಂದು ಮೊದಲೇ ನಿಶ್ಚಯಿಸಿಕೊಂಡಿರಲಿ. ಮೂರು ಎಂದಾದರೆ ಮೂರೇ. ಗೃಹಪ್ರವೇಶಕ್ಕೆ, ಮದುವೆಗೆ ಹೇಗೂ ಏನಾದರೂ ಕೊಡುತ್ತೇವಲ್ಲ, ಅದರ ಬದಲು ಪ್ರಿಂಟ್ ಕೊಟ್ಟರೆ ಎರಡೂ ಆಯಿತು.

ಫ್ರೇಮಿನ ವಿಷಯಕ್ಕೆ ಒಂದೇ ಸಲಹೆ: ಅದನ್ನು ತಲೆಗೆ ಕಟ್ಟಿಕೊಳ್ಳಬೇಡಿ. 12×18 ಪ್ರಿಂಟ್‌ಗೆ ಸುತ್ತ ಎರಡೂವರೆ ಇಂಚು ಮೌಂಟ್ (ಪ್ರಿಂಟ್‌ನ ಸುತ್ತ ಇಡುವ ದಪ್ಪ ರಟ್ಟಿನ ಅಂಚು) ಬಿಟ್ಟರೆ 17×23 ಇಂಚಾಗುತ್ತದೆ, ಸುತ್ತಳತೆ 80 ಇಂಚು. ಒಂದು ಇಂಚು ಅಗಲದ ಪಟ್ಟಿಯನ್ನು ಮೂಲೆಗಳಲ್ಲಿ 45 ಡಿಗ್ರಿಗೆ ಕೊಯ್ಯಲು ಇನ್ನೂ ಎಂಟು ಇಂಚು, ಒಟ್ಟು ಏಳು ಅಡಿ ನಾಲ್ಕು ಇಂಚು. ಕೊಯ್ತದ ನಷ್ಟ ಸೇರಿ ಎಂಟು ಅಡಿ ಎಂದು ಹಿಡಿಯಬೇಕು. ಕಟ್ಟು ಹಾಕುವವರ ದರ ಅಡಿ ಲೆಕ್ಕದಲ್ಲಿರುವುದರಿಂದ ಪಟ್ಟಿಯ ಆಯ್ಕೆಯೊಂದರಲ್ಲೇ ಬೆಲೆ ಎರಡು ಮೂರು ಪಟ್ಟು ಏರುತ್ತದೆ. ಗಾಜು ಒಡೆಯುವ ಅಪಾಯ ಬೇರೆ. ಗೆಳೆಯನನ್ನೇ ಅಂಗಡಿಗೆ ಕರೆದೊಯ್ದು ಆರಿಸಲು ಬಿಡಿ, ಹಣ ಅವನೇ ಅಲ್ಲಿ ಕೊಡಲಿ. ನೀವು ಹೇಳಬೇಕಾದದ್ದು ಇಷ್ಟೇ: ಗಾಜು ಪ್ರಿಂಟ್‌ಗೆ ತಾಗಬಾರದು, ನಡುವೆ ಮೌಂಟ್ ಬೋರ್ಡ್ ಇರಲೇಬೇಕು. ತಾಗಿದರೆ ತೇವಕ್ಕೆ ಪ್ರಿಂಟ್ ಗಾಜಿಗೆ ಅಂಟಿಕೊಂಡು, ಬಿಡಿಸುವಾಗ ಚಿತ್ರದ ಪದರವೇ ಕಿತ್ತುಬರುತ್ತದೆ. ಇಂಕ್‌ಜೆಟ್ ಪ್ರಿಂಟ್ ಆದರೆ ಕನಿಷ್ಠ ಒಂದು ದಿನ ಒಣಗಿಸದೆ ಗಾಜಿನ ಹಿಂದೆ ಹಾಕಿದರೆ ಗಾಜಿನ ಒಳಮೈಗೆ ಮಂಜು ಕಟ್ಟುತ್ತದೆ.

ಕಾನೂನಿನ ಒಂದು ಅಂಶ ಹವ್ಯಾಸಿಗಳಿಗೂ ಅವರ ಗೆಳೆಯರಿಗೂ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ತೆಗೆದವರೇ ಅದರ ಕರ್ತೃ, ಸಾಮಾನ್ಯವಾಗಿ ಹಕ್ಕೂ ಅವರದೇ. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರು. ಬೇರೆ ಒಪ್ಪಂದ ಇದ್ದರೆ ಮಾತ್ರ ಇದು ಬದಲಾಗುತ್ತದೆ. ಮೊದಲೇ ತೆಗೆದಿಟ್ಟ ಜೋಗದ ಚಿತ್ರದ ಪ್ರಿಂಟ್ ಕೊಂಡ ಗೆಳೆಯನಿಗೆ ಸಿಗುವುದು ಆ ಕಾಗದ ಅಷ್ಟೇ. 'ನನ್ನ ಹೋಮ್‌ಸ್ಟೇ ಫೋಟೊ ತೆಗೆದುಕೊಡು' ಎಂದು ಹಣ ಕೊಟ್ಟರೆ ಹಕ್ಕು ಅವನ ಕಡೆ ಹೋಗುತ್ತದೆ. ಹಾಗಾಗಿ ಹಣ ಪ್ರಿಂಟ್‌ಗೋ ಫೋಟೊ ತೆಗೆಯುವುದಕ್ಕೋ ಎಂಬುದು ಆ ಮೆಸೇಜಿನಲ್ಲೇ ಸ್ಪಷ್ಟವಾಗಿರಲಿ. ಹೋಮ್‌ಸ್ಟೇ, ಹೋಟೆಲ್, ಕ್ಯಾಲೆಂಡರ್, ಜಾಹೀರಾತು ಯಾವುದೇ ಇರಲಿ, ಚಿತ್ರದಿಂದ ಗೆಳೆಯನಿಗೆ ವ್ಯಾಪಾರ ಆಗುವಂತಿದ್ದರೆ ಅಲ್ಲಿ ಗೆಳೆಯರ ದರ ಸಲ್ಲದು, ಪೂರ್ತಿ ಬೆಲೆಯೇ ಸರಿ. ಇನ್ನು ಜಿಎಸ್‌ಟಿ ನೋಂದಣಿ ಇಲ್ಲದವರು ಅಭ್ಯಾಸಬಲದಿಂದ ಬಿಲ್ಲಿನಲ್ಲಿ ಆ ತೆರಿಗೆ ಸೇರಿಸಬಾರದು, ವಸೂಲಿ ಮಾಡುವ ಅಧಿಕಾರ ಅವರಿಗಿಲ್ಲ.

ಕಡೆಯದಾಗಿ ಹೇಳುವುದಾದರೂ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನಮ್ಮ ಊರುಗಳ ಸ್ಟುಡಿಯೊಗಳ ಮಾತು. ಸಂಬಳದ ಕೆಲಸ ಇರುವ ಹವ್ಯಾಸಿ ಲ್ಯಾಬ್ ದರಕ್ಕೇ ಪ್ರಿಂಟ್ ಕೊಡುತ್ತ ಹೋದರೆ ಬೀದಿಯ ಕೊನೆಯ ಸ್ಟುಡಿಯೊದವರು ಕೇಳುವ ದರ ಸುಲಿಗೆಯಂತೆ ಕಾಣತೊಡಗುತ್ತದೆ. ಬಾಡಿಗೆ, ಕರೆಂಟ್ ಬಿಲ್, ಹುಡುಗನ ಸಂಬಳ ಎಲ್ಲ ಅವರ ದರದೊಳಗೇ ಇರುತ್ತವೆ. ಪಾಸ್‌ಪೋರ್ಟ್ ಫೋಟೊಗೂ, ತೀರಿಕೊಂಡ ಅಜ್ಜಿಯ ಹಳೆಯ ಚಿತ್ರವನ್ನು ತಿದ್ದಿಸಿ ದೊಡ್ಡದು ಮಾಡಿಸುವುದಕ್ಕೂ ನಾವು ಓಡುವುದು ಅಲ್ಲಿಗೇ. ಆದ್ದರಿಂದ ಅಸಲು ಮಾತ್ರ ಕೇಳುವ ಗೆಳೆಯರ ದರಕ್ಕೂ ಒಂದು ತಳ ಇರಬೇಕು: ಅದೇ ಅಳತೆ, ಅದೇ ಕಾಗದಕ್ಕೆ ಊರಿನ ಸ್ಟುಡಿಯೊ ತೆಗೆದುಕೊಳ್ಳುವುದಕ್ಕಿಂತ ಕೆಳಗೆ ಯಾರೂ ಇಳಿಯಬಾರದು. ಸಾಧ್ಯವಿದ್ದರೆ ಆ ಸ್ಟುಡಿಯೊ ಮೂಲಕವೇ ಪ್ರಿಂಟ್ ಹಾಕಿಸಲಿ. ಕ್ಯಾಮೆರಾ ಕ್ಲಬ್‌ಗಳೂ ಛಾಯಾಗ್ರಾಹಕರ ಸಂಘಗಳೂ ಮೇಲಿನಂಥ ಅಸಲಿನ ಪಟ್ಟಿಯನ್ನು ತಮ್ಮ ಊರಿನ ದರಗಳೊಂದಿಗೆ ತಯಾರಿಸಿ ಗೋಡೆಗೆ ಅಂಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕೇಳಲು ಸಂಕೋಚಪಡುವ ಹವ್ಯಾಸಿ ಆ ಪಟ್ಟಿಯ ಫೋಟೊ ತೆಗೆದು ಗೆಳೆಯನಿಗೆ ಕಳುಹಿಸಿದರೆ ಸಾಕು.

ಪ್ರಿಂಟ್ ಬೇಕೆನ್ನುವ ಓದುಗರಲ್ಲೂ ಒಂದು ವಿನಂತಿ. ಮದುವೆಯ ತಿಂಗಳುಗಳಲ್ಲಿ ಲ್ಯಾಬ್‌ಗಳು ಆಲ್ಬಂ ಕೆಲಸದಲ್ಲಿ ಮುಳುಗಿರುತ್ತವೆ, ಬಿಡಿ ಪ್ರಿಂಟ್‌ಗಳ ಕಡೆ ಗಮನ ಕಡಿಮೆ. ಆಷಾಢದಲ್ಲಿ ಮದುವೆಗಳಿಲ್ಲ, ಲ್ಯಾಬ್‌ನವರಿಗೆ ಟೆಸ್ಟ್ ಪ್ರಿಂಟ್ ನೋಡಿ ಸರಿಪಡಿಸುವಷ್ಟು ಪುರಸೊತ್ತು ಇರುತ್ತದೆ. ನಾಲ್ಕೈದು ಗೆಳೆಯರು ಸೇರಿ, ಬೇಕಾದ ಚಿತ್ರ, ಅಳತೆ ಬರೆದು, ಹಣವನ್ನೂ ಜೊತೆಗೇ ಆಷಾಢಕ್ಕೆ ಮೊದಲು ಕೊಟ್ಟುಬಿಡಿ. ಬಂದ ಪ್ರಿಂಟ್‌ಗಳನ್ನು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟುಕೊಂಡು, ಫ್ರೇಮನ್ನು ಮಾತ್ರ ಗಾಳಿಯ ತೇವ ಇಳಿದ ಮೇಲೆ, ನವರಾತ್ರಿ ಕಳೆದು ಹಾಕಿಸಿ.

ಇತಿ,
ಒಬ್ಬ ಹವ್ಯಾಸಿ ಛಾಯಾಗ್ರಾಹಕ, ಶಿವಮೊಗ್ಗ